ಅಕ್ಕನ ಮನೆಯ ಓಡದ ಮೀಟರು

ನನ್ನ ಅಕ್ಕ ದಾಕ್ಷಾಯಣಿ ನಾನು ಹುಟ್ಟಿದಾಗ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಈಗ ಹತ್ತಿರ ಹತ್ತಿರ ಇಪ್ಪತ್ತು ವರ್ಷಕ್ಕೆ ಚಿಕ್ಕವಳು. ನನ್ನ ತಲೆ ಬೆಳ್ಳಗಾಗಿದೆ, ಮಂಡಿ ಹಿಡಿದುಕೊಂಡಿದೆ, ಓದಲು ಕನ್ನಡಕ ಬೇಕು, ಕನ್ನಡಕ ಹುಡುಕಲು ಇನ್ನೊಂದು ಕನ್ನಡಕ ಬೇಕು. ಅವಳು ಮಾತ್ರ ಇತ್ತೀಚಿನವರೆಗೂ ತುಂಬಿದ ಬಸುರಿ, ಕಪ್ಪು ಜಡೆ, ಕೆನ್ನೆಯಲ್ಲಿ ಗುಳಿ. ಬಾಗಿಲಿಗೆ ಬಂದು "ಬಾರೋ ಮಲ್ಲ, ಅಲ್ಯಾಕೆ ನಿಂತೆ ಕಂಬದಂಗೆ" ಎಂದಾಗ ಹೊಸಬರು ಯಾರಾದರೂ ಕೇಳಿಸಿಕೊಂಡರೆ, ಅಪ್ಪನ ವಯಸ್ಸಿನವನನ್ನು ಹೀಗಾ ಮಾತಾಡಿಸೋದು ಎಂದು ಬೆಚ್ಚಿ ಬೀಳಬೇಕು. ಊರಿನವರು ಬೀಳುತ್ತಿರಲಿಲ್ಲ. ಅಕ್ಕನ ಮನೆಯ ಮೀಟರು ನಿಂತಿದೆ ಎಂದು ಅವರಿಗೆಲ್ಲ ಗೊತ್ತಿತ್ತು.

ನಮ್ಮೂರಿನಲ್ಲಿ ಒಂದು ಒಲೆಗೆ ಒಂದು ಕಾರು, ಒಂದು ಕಾರಿಗೆ ಒಂದು ಮೀಟರು. ಮೀಟರು ಎಷ್ಟು ಓಡುತ್ತದೋ ಆ ಒಲೆಯಲ್ಲಿ ಉಣ್ಣುವವರಿಗೆ ಅಷ್ಟು ವಯಸ್ಸಾಗುತ್ತದೆ. ಹಸಿವು, ನಿದ್ದೆ, ಜಗಳ ಇವು ಮೀಟರಿಗೆ ಕಾಯುವುದಿಲ್ಲ, ಮಿಕ್ಕಿದ್ದೆಲ್ಲ ಕಾಯುತ್ತದೆ. ಹೀಗಾಗಿ ನಮ್ಮಲ್ಲಿ ಎಲ್ಲರಿಗೂ ಕಾರಿದೆ, ಎಲ್ಲರೂ ನಡೆದುಕೊಂಡೇ ಓಡಾಡುತ್ತಾರೆ. ಮಗನಿಗೆ ಮೀಸೆ ಬರಲಿಲ್ಲ ಎಂದು ಬೇಜಾರಾದವರು ಬೆಳಗ್ಗೆ ಒಂದು ಸುತ್ತು ಕೆರೆಕಡೆ ಹೋಗಿ ಬರುತ್ತಾರೆ. ಅಷ್ಟರಲ್ಲಿ ಅಪ್ಪನಿಗೆ ಒಂದು ಹಲ್ಲು ಅಲುಗಾಡುತ್ತದೆ. ಹೆಣ್ಣು ಕೊಡುವಾಗ ಜಾತಕ ಯಾರೂ ನೋಡುವುದಿಲ್ಲ. ಬಾನೆಟ್ಟು ಎತ್ತಿ ನೋಡುತ್ತಾರೆ. ವೇಗದ ಮುಳ್ಳು ಅರವತ್ತರ ಮೇಲೆ ಹೋದರೆ ಗಾಡಿಯಲ್ಲಿ ಕೂತವರಿಗೆಲ್ಲ ಸೊಂಟ ಹಿಡಿಯುತ್ತದೆ, ಮನೆಯಲ್ಲಿದ್ದವರು ಯಾವನಪ್ಪ ಓಡಿಸ್ತಿರೋನು ಎಂದು ಬೈಯುತ್ತಾರೆ. ನನ್ನದು ಹಿಟ್ಟಿನ ಗಿರಣಿ. ಹಿಟ್ಟು ಹಂಚಲು ಗಾಡಿ ಓಡಿಸಿ ಓಡಿಸಿ ನಾನೂ ನನ್ನ ಹೆಂಡತಿ ಸುಂದ್ರವ್ವನೂ ಬೇಗ ಹಣ್ಣಾದೆವು. ಅವಳು ಅದನ್ನು ದಿನಕ್ಕೊಮ್ಮೆ ನೆನಪಿಸುತ್ತಾಳೆ.

ರಿವರ್ಸ್ ಒಂದು ಮಾತ್ರ ಊರಿನಲ್ಲಿ ಯಾರೂ ಹಾಕುವುದಿಲ್ಲ. ಹಿಂದೆ ಒಬ್ಬ ನರೆಗೂದಲು ಹೋಗಲಿ ಎಂದು ಇಡೀ ದಿನ ಬಯಲಿನಲ್ಲಿ ಹಿಂದಕ್ಕೆ ಓಡಿಸಿ, ಸಂಜೆ ಮನೆಗೆ ಬಂದು ಹೆಂಡತಿಯನ್ನು "ತಾವ್ಯಾರು?" ಎಂದನಂತೆ. ಅವಳೂ "ತಾವ್ಯಾರು?" ಎಂದಳಂತೆ. ಅದಾದ ಮೇಲೆ ಹಿರಿಯರು ಸೇರಿ ಎಲ್ಲರ ಗೇರಿಗೂ ಒಂದು ಕೆಂಪು ದಾರ ಕಟ್ಟಿಸಿದರು, ಹಿಂದಿನ ಗೇರಿಗೆ ಹೋಗದ ಹಾಗೆ. ಗಾಡಿ ತಿರುಗಿಸಬೇಕಾದರೆ ದೊಡ್ಡ ಸುತ್ತು ಹಾಕುತ್ತೇವೆ. ಇನ್ನೊಂದು ಕಟ್ಟುಪಾಡು: ಒಂದು ಒಲೆಯ ಗಾಡಿಯನ್ನು ಇನ್ನೊಂದು ಒಲೆಯವರು ಮುಟ್ಟಬಾರದು. ರಿಪೇರಿಗೂ ಮುಟ್ಟಬಾರದು, ಕೆಸರಿನಲ್ಲಿ ಹೂತರೆ ತಳ್ಳಲೂ ಮುಟ್ಟಬಾರದು. ಆ ಮನೆಯ ಹಿರಿಯ ಜೀವ ತನ್ನ ಬಾಯಾರೆ ಕೇಳಿದರೆ ಮಾತ್ರ ಕೈ ಇಡಬಹುದು. ಬೇರೆಯವರ ಆಯುಸ್ಸಿಗೆ ಕೈ ಹಾಕಿದ ಪಾಪ ಯಾರಿಗೆ ಬೇಕು?

ಅಕ್ಕನ ಮನೆಯ ಮೀಟರು ನಿಂತಿದ್ದು ಹದಿನೆಂಟು ಯುಗಾದಿಗಳ ಹಿಂದೆ. ಆ ಹೊತ್ತಿಗೆ ಅವಳಿಗೆ ಬೆನ್ನುನೋವು ಶುರುವಾಗಿತ್ತು; ಇವತ್ತೋ ನಾಳೆಯೋ ಎನ್ನುವಂತಿದ್ದಳು. ಅದು ಅವಳ ಮೂರನೆಯ ಬಸಿರು. ಮೊದಲೆರಡು ಕೂಸು ಹುಟ್ಟಿದ ದಿನವೇ ಹೋಗಿದ್ದವು. ಒಳಕೋಣೆಯಲ್ಲಿ ಅವಳ ಅತ್ತೆ ಚನ್ನಾಜಮ್ಮನೂ ಇವತ್ತೋ ನಾಳೆಯೋ ಎನ್ನುವಂತೆಯೇ ಇದ್ದರು. ಗಂಟಲಲ್ಲಿ ಗುರುಗುರು ಶುರುವಾಗಿತ್ತು. ನೆಂಟರು ಬಂದು ಕೂತಿದ್ದರು. ಹೋಗುವವರು ಮೊದಲೋ ಬರುವವರು ಮೊದಲೋ ಎಂದು ಜಗಲಿಯ ಮೇಲೆ ಮಾತಾಡಿಕೊಳ್ಳುತ್ತಿದ್ದರು. ನೆಂಟರ ಮುಂದೆ ಚೊಕ್ಕವಾಗಿ ಕಾಣಲೆಂದು ಭಾವ ಪರಶಿವಮೂರ್ತಿ ಗಡ್ಡ ಹೆರೆದುಕೊಂಡು ಗದ್ದ ಕುಯ್ದುಕೊಂಡರು. ಅದೇ ದಿನ ಮೀಟರು ನಿಂತಿತು. ನೆಂಟರು ಹತ್ತು ದಿನ ಕಾದು, ಸಾವು ಬರಲಿಲ್ಲ, ಸೂತಕವೂ ಬರಲಿಲ್ಲ, ಊಟ ಮಾತ್ರ ಬರುತ್ತಿದೆ ಎಂದು ನಾಚಿಕೊಂಡು ಎದ್ದುಹೋದರು. ಚಟ್ಟಕ್ಕೆಂದು ತಂದಿದ್ದ ಬಿದಿರು ಹೀರೇಬಳ್ಳಿಗೆ ಚಪ್ಪರವಾಯಿತು. ಭಾವನ ಗದ್ದದ ಗಾಯ ಮಾಯಲೂ ಇಲ್ಲ, ಹೆಚ್ಚಾಗಲೂ ಇಲ್ಲ. ಹದಿನೆಂಟು ವರ್ಷ ದಿನಾ ಬೆಳಗ್ಗೆ ಅದರ ಮೇಲೆ ಹೊಸ ಹತ್ತಿ ಅಂಟಿಸಿಕೊಳ್ಳುತ್ತಿದ್ದರು. "ಮೀಟರು ಕೆಟ್ಟಿದೆ, ಸಾಮಾನು ಸಿಕ್ತಿಲ್ಲ, ನಾಳೆ ಮಾಡುಸ್ತೀನಿ" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು. ಓಡೋ ಮೀಟರು ಎಂದು ಹೆಸರಿಟ್ಟ ಮಾತ್ರಕ್ಕೆ ಓಡಲೇಬೇಕೆಂದಿದೆಯೇ ಎಂದು ಊರು ನಕ್ಕು ಸುಮ್ಮನಾಯಿತು.

ಆದರೆ ಆ ದಂಪತಿಯನ್ನು ಹೊಗಳದವರಿಲ್ಲ. ಭಾವ ಹೆಂಡತಿಗೆ ಒಂದು ಕೊಡ ನೀರು ಎತ್ತಲು ಬಿಟ್ಟವರಲ್ಲ. ಹುಣಸೆ, ನೆಲ್ಲಿ, ಹುರಿಗಡಲೆ, ಅವಳು ಬಾಯಿ ತೆರೆಯುವ ಮೊದಲೇ ತಂದು ಇಡುತ್ತಿದ್ದರು. ಅಕ್ಕ ಆ ಹೊಟ್ಟೆ ಹೊತ್ತುಕೊಂಡೇ ಅತ್ತೆಯನ್ನು ಮಗ್ಗುಲು ತಿರುಗಿಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು. ಸೊಸೆ ಅಂದರೆ ಹಾಗಿರಬೇಕು, ಗಂಡ ಅಂದರೆ ಹೀಗಿರಬೇಕು ಎಂದು ಬೇರೆ ಮನೆಗಳಲ್ಲಿ ಇವರ ಹೆಸರು ಹೇಳಿ ಜಗಳವಾಡುತ್ತಿದ್ದರು.

ಈ ಸಲ ರಾಗಿಹಿಟ್ಟು ಕೊಡಲು ಹೋದಾಗ ಅಕ್ಕ ಹಿತ್ತಲಲ್ಲಿದ್ದಳು. ನಾನು ಒಳಕೋಣೆಗೆ ಇಣುಕಿದೆ. ಚನ್ನಾಜಮ್ಮ ಕಣ್ಣಲ್ಲೇ ಕರೆದರು. ಹತ್ತಿರ ಹೋದರೆ ಕೈ ಹಿಡಿದುಕೊಂಡರು. ಕೈಯಲ್ಲ ಅದು, ಒಣಗಿದ ಹುರಳೀಕಾಯಿ.

"ಮಲ್ಲಪ್ಪ, ನಂಗೆ ಸಾಯ್ಬೇಕು ಕಣಪ್ಪ."

"ಬಿಡ್ತು ಅನ್ನಿ ಅತ್ತೆಮ್ಮ."

"ಬಿಡ್ತು ಅನ್ನಕ್ಕೆ ಅದೆಲ್ಲಪ್ಪ ಬಿಡ್ತು? ಪ್ರಾಣ ಗಂಟ್ಲಲ್ಲಿ ನಿಂತ್ಕಂಡು ಹದ್ನೆಂಟು ವರ್ಷ ಆಯ್ತು. ಉಗುಳಂಗಿಲ್ಲ, ನುಂಗಂಗಿಲ್ಲ." ಉಸಿರು ಎಳೆದುಕೊಂಡರು. "ಮೊಮ್ಮಗೂನ ನೋಡ್ಕಂಡು ಸಾಯ್ತೀನಿ ಅಂದಿದ್ದೆ. ಅದೊಂದ್ ಮಾತ ಹಿಡ್ಕಂಡು ಕಾಯ್ಸ್ತಾವ್ರೆ. ಇನ್ ಬ್ಯಾಡ. ಈ ಮನೇಗೆ ಹಿರೇ ಜೀವ ನಾನು. ನನ್ ಬಾಯಾರೆ ಕೇಳ್ತಾ ಇವ್ನಿ. ಆ ಗಾಡಿ ರಿಪೇರಿ ಮಾಡು."

ನಾನು ಜಗಲಿಗೆ ಬಂದು ಇದನ್ನು ಹೇಳಿದಾಗ ಭಾವನ ಮುಖ ಬಿಳಿಚಿತು. ಗದ್ದದ ಹತ್ತಿಗೂ ಮುಖಕ್ಕೂ ವ್ಯತ್ಯಾಸ ಕಾಣಲಿಲ್ಲ. ಮದುವೆಯಾದ ಹೊಸದರಲ್ಲಿ ನನ್ನನ್ನು "ಏನೋ ಮಲ್ಲ" ಎನ್ನುತ್ತಿದ್ದವರು, ನನ್ನ ತಲೆ ನೆರೆತ ಮೇಲೆ ಬಹುವಚನಕ್ಕೆ ಬಂದಿದ್ದರು. "ಅವ್ವಂಗೆ ಜ್ವರದ ತಾಪ. ಏನೇನೋ ಅಂತದೆ. ನೀವು ಅದ್ನೆಲ್ಲ ಮನಸಿಗೆ ಹಚ್ಕೋಬೇಡಿ."

ಒಳಗಿನಿಂದ ಕೂಗು ಬಂತು. "ಜ್ವರ ಅಲ್ಲ ಕಣ್ಲಾ, ಬುದ್ಧಿ ನೆಟ್ಟಗದೆ! ತೆಗೀಲಾ ಕೊಟ್ಟಿಗೆ ಬೀಗವಾ!"

ಅಕ್ಕ ಹಿತ್ತಲಿಂದ ಬಂದು ಸೆರಗಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಳು. "ಅತ್ತೆ ಕೇಳವ್ರೆ ಅಂದ್ಮೇಲೆ ಇಲ್ಲ ಅನ್ನಕ್ಕಾಯ್ತದಾ" ಎಂದಳು. ಹಾಗೆಂದವಳು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು.

ಕೊಟ್ಟಿಗೆಯಲ್ಲಿ ಹಳೆಯ ಬಿಳಿ ಕಾರು ನಿಂತಿತ್ತು. ಭಾವ ಅದನ್ನು ಸೋಮವಾರ ಸೋಮವಾರ ನಿಂತಲ್ಲೇ ಸ್ಟಾರ್ಟ್ ಮಾಡಿ ಆರಿಸುತ್ತಿದ್ದರು, ಅಷ್ಟೇ. ಹೊರಗೆ ತೆಗೆಸಿ ಅಂಗಳದಲ್ಲಿ ನಾಲ್ಕು ಮಾರು ಓಡಿಸಿದೆ. ವೇಗದ ಮುಳ್ಳು ಸೊನ್ನೆಯ ಮೇಲೆ ಸತ್ತು ಬಿದ್ದಿತ್ತು, ದೂರ ಎಣಿಸುವ ಅಂಕಿಗಳೂ ಅಲುಗಲಿಲ್ಲ. ಒಂದು ಓಡಿ ಇನ್ನೊಂದು ನಿಂತಿದ್ದರೆ ರೋಗ ಮೀಟರಿನ ಡಬ್ಬಿಯೊಳಗೆ. ಎರಡೂ ನಿಂತಿದ್ದರೆ ರೋಗ ಡಬ್ಬಿಗಿಂತ ಹಿಂದೆ, ಕೇಬಲ್ಲಿನಲ್ಲೋ ಗೇರುಪೆಟ್ಟಿಗೆಯಲ್ಲೋ. ನಮ್ಮಪ್ಪ ನನ್ನನ್ನೂ ಅಕ್ಕನನ್ನೂ ಒಟ್ಟಿಗೇ ಕೂರಿಸಿಕೊಂಡು ಇದನ್ನು ಹೇಳಿಕೊಟ್ಟಿದ್ದ. ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರಿಸಿ ಕೇಬಲ್ಲಿನ ತಿರುಪು ಬಿಚ್ಚಿದೆ. ಹಿಂದಿನ ಒಂದು ಚಕ್ರಕ್ಕೆ ಜಾಕು ಕೊಟ್ಟು ಎತ್ತಿ, "ಭಾವ, ಚಕ್ರ ತಿರುಗ್ಸಿ" ಎಂದೆ. ಅವರು ತಿರುಗಿಸಿದರು. ಕೇಬಲ್ಲಿನ ತುದಿಯಲ್ಲಿ ಒಳತಂತಿ ಗಿರ್ರನೆ ಸುತ್ತಬೇಕಿತ್ತು. ಸುತ್ತಲಿಲ್ಲ.

"ನೋಡಿ, ನಾನ್ ಹೇಳ್ಲಿಲ್ವಾ, ಸಾಮಾನು ಹೋಗದೆ" ಎಂದರು ಭಾವ. ಜಾಕಿನಲ್ಲಿ ನಿಂತಿದ್ದ ಚಕ್ರವನ್ನು ಬಿಟ್ಟು ಅವರ ಕಣ್ಣು ಬೇರೆ ಎಲ್ಲ ಕಡೆ ಓಡಾಡುತ್ತಿತ್ತು.

ಒಳತಂತಿಯನ್ನು ಮೇಲಿನಿಂದ ಎಳೆದೆ. ಅರ್ಧವೇ ಬಂತು. ತಾನಾಗಿ ತುಂಡಾದ ಕೇಬಲ್ಲಿನ ತುದಿ ಸವೆದ ಪೊರಕೆಯ ಹಾಗೆ ಕೆದರಿಕೊಂಡಿರುತ್ತದೆ. ಇದರ ತುದಿ ಚಪ್ಪಟೆಯಾಗಿ, ನೀಟಾಗಿ, ಇಕ್ಕಳದ ಬಾಯಿಯ ಗುರುತಿನೊಂದಿಗೆ ಇತ್ತು. ಅದನ್ನು ಭಾವನ ಕಡೆ ಹಿಡಿದೆ. ಅವರು ಗಾಡಿಯ ಬಾಗಿಲಿಗೆ ಒರಗಿ ಹಾಗೇ ನೆಲಕ್ಕೆ ಕುಸಿದರು.

"ಅವ್ವ ಅವತ್ತು ರಾತ್ರಿ ದಾಟಲ್ಲ ಅಂದಿದ್ರು ಡಾಕ್ಟ್ರು. ನೆಂಟ್ರೆಲ್ಲ ಜಗಲಿ ಮೇಲೆ ಕುಂತು ಎಷ್ಟೊತ್ಗೆ, ಎಷ್ಟೊತ್ಗೆ ಅಂತಿದ್ರು. ಔಷಧಿ ತರಕ್ಕೆ ಗಾಡಿ ತೆಗಿ ಅಂದ್ರು. ಗಾಡಿ ತೆಗುದ್ರೆ ಅವ್ವ ಹೋಯ್ತದೆ. ಕತ್ತರ್ಸ್‌ಬುಟ್ಟೆ." ಆಮೇಲೆ ಅಕ್ಕನ ಕಡೆ ತಿರುಗಿದರು. "ದಾಕ್ಷಿ, ನಿನ್ ಹೊಟ್ಟೇಲಿ ಕಟ್ಟಿಹಾಕಿದ್ದು ನಾನೇ ಕಣೇ. ದಿನಾ ಹೇಳ್ಬೇಕು ಅನ್ಕತಿದ್ದೆ. ಹುಣಸೆಹಣ್ಣು ತಂದ್ಕೊಡ್ತಿದ್ದೆ."

ಅಕ್ಕ ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ. "ಹೋಗ್ಲಿ ಬಿಡಿ" ಎಂದಳು. ಹದಿನೆಂಟು ವರ್ಷ ಬಸುರಿಯಾಗಿ ಇರಿಸಿದ ಗಂಡನಿಗೆ ಹೆಂಡತಿ ಅಷ್ಟು ಸಲೀಸಾಗಿ ಹೋಗಲಿ ಬಿಡಿ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮೀಟರಿನ ಕೇಬಲ್ಲು ನಮ್ಮಲ್ಲಿ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಮನೆಗೆ ಹೋಗಿ ನನ್ನ ಗಾಡಿಯದನ್ನೇ ಬಿಚ್ಚಿದೆ. ಸುಂದ್ರವ್ವ ದವಡೆ ಹಿಡಿದುಕೊಂಡು ಬಂದಳು. ಬೆಳಗ್ಗೆಯಿಂದ ಅವಳಿಗೆ ಹಲ್ಲುನೋವು. "ಕೇಬಲ್ ಬಿಚ್ತಾ ಇದೀರಾ? ನನ್ ಹಲ್ಲುನೋವು ಹಿಂಗೇ ನಿಂತ್ಕಳ್ಳುತ್ತಲ್ಲ!" "ಒಂದೇ ದಿನ ಕಣೆ" ಎಂದೆ. "ನಿಮ್ಮಕ್ಕನ ಮನೆಯೋರೂ ಅದೇ ಅಂದಿದ್ರು" ಎಂದಳು. ಒಳತಂತಿಗೆ ನಾಲ್ಕು ತೊಟ್ಟು ಎಣ್ಣೆ ಸವರಿ, ಸುರುಳಿ ಸುತ್ತಿ, ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೊರಟೆ.

ಕೇಬಲ್ಲು ಕೂಡಿಸಿದ ಮೇಲೆ ಭಾವ ಮತ್ತೆ ಚಕ್ರ ತಿರುಗಿಸಿದರು. ಮುಳ್ಳು ನಿದ್ದೆಯಿಂದೆದ್ದ ಬೆಕ್ಕಿನ ಹಾಗೆ ಬೆನ್ನೆತ್ತಿತು, ಹತ್ತರವರೆಗೆ ಹೋಯಿತು, ಬಿತ್ತು. ಭಾವ ಕಣ್ಣು ಮುಚ್ಚಿಕೊಂಡರು. ಆದರೆ ಒಳಗಿನಿಂದ ಚನ್ನಾಜಮ್ಮ, "ಏನ್ರಪ್ಪ, ಇನ್ನೂ ಇವ್ನಲ್ಲ ನಾನು!" ಎಂದು ಕೂಗಿದರು. ಬಗ್ಗಿ ನೋಡಿದೆ. ಮುಳ್ಳು ಕುಣಿಯುತ್ತಿದೆ, ಅಂಕಿಗಳು ಕಲ್ಲಿನ ಹಾಗೆ ಕೂತಿವೆ. ಅಂದರೆ ರೋಗ ಎರಡು.

"ಸಾಕು ಬಿಡೋ ಮಲ್ಲ" ಎಂದಳು ಅಕ್ಕ. "ಹಣೇಲಿ ಬರ್ದಿಲ್ಲ. ಊಟ ಮಾಡ್ಕೊಂಡು ಹೋಗು."

"ಇನ್ನೇನು ಅಕ್ಕ, ಡಬ್ಬಿ ಒಳಗೆ ಸಣ್ಣ ಹಲ್ಲುಚಕ್ರ ಮುರಿದಿರಬೇಕು."

"ಸಾಕು ಅಂದ್ನಲ್ಲ!"

ಆ ದನಿಯನ್ನು ನಾನು ಚಿಕ್ಕವನಿದ್ದಾಗ ಕೇಳಿದ್ದೆ. ಆದರೂ ಕೈ ನಿಲ್ಲಲಿಲ್ಲ. ಗಾಜಿನ ಸುತ್ತಿನ ಬಳೆಯನ್ನು ತಿರುಗಿಸಿ ತೆಗೆದೆ. ಅಂಕಿಯ ಗಾಲಿಗಳು ಸಾಲಾಗಿ ಕೂತಿದ್ದವು. ಕೊನೆಯ ಬಿಳಿ ಗಾಲಿಗೂ ಅದರ ಪಕ್ಕದ್ದಕ್ಕೂ ನಡುವೆ, ಹಲ್ಲಿಗೆ ಹಲ್ಲು ಸೇರುವ ಜಾಗದಲ್ಲಿ, ಒಂದು ತಲೆಪಿನ್ನು ತುರುಕಿತ್ತು. ತುದಿಯಲ್ಲಿ ನೀಲಿ ಮಣಿ. ಚಿಮಟದಿಂದ ಎಳೆದು ಅಂಗೈಯಲ್ಲಿಟ್ಟುಕೊಂಡೆ. ಭಾವ ಅದನ್ನು ನೋಡಿದರು, ಹೆಂಡತಿಯ ಜಡೆಯನ್ನು ನೋಡಿದರು.

"ಇದು ನಾನ್ ತಂದ್ಕೊಟ್ಟಿದ್ದು."

ಅಕ್ಕ ಅಳಲಿಲ್ಲ. ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು. "ನೀವು ನೆಂಟ್ರಿಗೆ ಕಾಫಿ ಕೊಡ್ತಾ ಇದ್ರಿ. ನಂಗೆ ಬೆನ್ನಲ್ಲಿ ನೋವು ಎದ್ದಿತ್ತು. ಇದು ಒಳಗೆ ಒದೀತಾ ಇತ್ತು. ಮೊದಲಿನವೆರಡೂ ಒಳಗಿರೋವಾಗ ಹಿಂಗೇ ಒದ್ದಿದ್ವು, ಆಚೆ ಬಂದ ದಿನಾನೇ ಹೋದ್ವು. ಒಳಗಿದ್ರೆ ಒದ್ಕೊಂಡಾದ್ರೂ ಇರುತ್ತೆ ಅಂತ ಪಿನ್ನು ಹಾಕ್ದೆ." ಒಳಕೋಣೆಯ ಕಡೆ ನೋಡಿದಳು. "ಅತ್ತೇನ ಸಾಯಕ್ಕೆ ಬಿಡ್ದೇ ನರಳುಸ್ತಾ ಇರೋಳು ನಾನೇ ಅಂತ, ದಿನಾ ಅವ್ರ ಮಗ್ಗುಲು ತಿರುಗಿಸೋವಾಗೆಲ್ಲ..."

ಒಂದೇ ಸಂಜೆ, ಒಬ್ಬರು ಗಾಡಿಯ ಕೆಳಗೆ, ಒಬ್ಬರು ಗಾಡಿಯ ಒಳಗೆ. ಒಬ್ಬರಿಗೊಬ್ಬರು ಮಾಡಿದ ಅಪರಾಧಕ್ಕೆ ಒಬ್ಬರಿಗೊಬ್ಬರು ಸೇವೆ ಮಾಡಿಕೊಂಡು ಹದಿನೆಂಟು ವರ್ಷ ಬದುಕಿದರು. ಊರು ಅದನ್ನು ದಾಂಪತ್ಯ ಎಂದು ಕರೆಯಿತು. ಊರಿನದು ತಪ್ಪು ಎಂದೂ ನನಗೆ ಅನ್ನಿಸುವುದಿಲ್ಲ.

"ಆಯ್ತಾ ಇಬ್ರುದ್ದೂ?" ಒಳಗಿನಿಂದ ಚನ್ನಾಜಮ್ಮನ ದನಿ. "ಈ ಮನೇಲಿ ಏನೂ ಮಾಡ್ದೆ ಇರೋಳು ಅಂದ್ರೆ ನಾನೊಬ್ಳೆ. ಎಲ್ಲಾನೂ ಅನುಭವ್ಸಿದೋಳೂ ನಾನೇ. ಬಾ ಇಲ್ಲಿ, ದಾಕ್ಷಿ."

ಅಕ್ಕ ಹೋದಳು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಮುದುಕಿ ಅವಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದು ಬಾಗಿಲ ಸಂದಿಯಲ್ಲಿ ಕಂಡಿತು. ಆಚೆ ಬಂದ ಅಕ್ಕ ಗಂಡನಿಗೆ, "ಸೂಲಗಿತ್ತಿ ಕೆಂಪಮ್ಮನ್ನ ಕರೀರಿ. ಅತ್ತೇನ ಮುಂದಿನ ಸೀಟಲ್ಲಿ ಕೂರ್ಸಿ, ದಿಂಬು ಕೊಟ್ಟು" ಎಂದಳು.

ನಮ್ಮೂರಿನಲ್ಲಿ ಹೆರಿಗೆ ಆಗುವುದು ಓಡುವ ಗಾಡಿಯಲ್ಲೇ. ಗಾಡಿ ನಿಂತರೆ ನೋವೂ ನಿಲ್ಲುತ್ತದೆ. ಅದಕ್ಕೆಂದೇ ಒಂದು ರಸ್ತೆಯನ್ನು ಹಳ್ಳ ದಿಣ್ಣೆ ಇಲ್ಲದೆ ನುಣುಪಾಗಿ ಇಟ್ಟಿದ್ದೇವೆ. ಊರಿನ ಬಾಗಿಲಿನಿಂದ ಹೊರಟು, ಸ್ವಲ್ಪ ಏರಿ, ಸ್ಮಶಾನದ ಬಾಗಿಲಿನಲ್ಲಿ ಮುಗಿಯುತ್ತದೆ. ಒಂದೇ ರಸ್ತೆ ಎರಡಕ್ಕೂ ಸಾಕು ಎಂದು ಹಿರಿಯರು ಉಳಿತಾಯ ಮಾಡಿದ್ದಾರೆ.

ಭಾವ ಸ್ಟೀರಿಂಗ್ ಹಿಡಿದರು. ಪಕ್ಕದಲ್ಲಿ ಅವ್ವ, ಹಿಂದೆ ಅಕ್ಕ ಮತ್ತು ಕೆಂಪಮ್ಮ. ನಾನು ಬೇರೆ ಒಲೆಯವನು, ಸೈಕಲ್ಲಿನಲ್ಲಿ ಹಿಂದೆ. ಗಾಡಿ ಹೊರಟಿತು. ಹೊರಟಿತು ಎನ್ನುವುದು ದೊಡ್ಡ ಮಾತು, ತೆವಳಿತು. ಭಾವನಿಗೆ ವೇಗ ಹೆಚ್ಚಿಸಿದರೆ ಅವ್ವ ಹೋಗುತ್ತಾಳೆಂಬ ಭಯ, ಕಡಿಮೆ ಮಾಡಿದರೆ ಹೆಂಡತಿ ನರಳುತ್ತಾಳೆಂಬ ಭಯ. ಅಕ್ಕ ಕಿರುಚಿದಾಗ ಗಾಡಿ ಮುಂದೆ ಹಾರುವುದು, ಅವ್ವ ಕೆಮ್ಮಿದಾಗ ಹಿಂಜರಿಯುವುದು. ರಸ್ತೆಯ ಎರಡೂ ಕಡೆ ಜನ ಬಾಗಿಲಿಗೆ ಬಂದು ನಿಂತರು. ಹದಿನೆಂಟು ವರ್ಷದಿಂದ ನೋಡದ ಗಾಡಿ ಅದು.

"ಇನ್ನೊಂಚೂರು ಓಡ್ಸಿ ಸ್ವಾಮಿ, ತಲೆ ಕಾಣ್ತದೆ!" ಎಂದು ಕೆಂಪಮ್ಮ ಕೂಗಿದ್ದು ಕೇಳಿಸಿತು. ಆ ಹೊತ್ತಿಗೇ ಮುಂದಿನ ಸೀಟಿನಲ್ಲಿ ಚನ್ನಾಜಮ್ಮನ ತಲೆ ಮೆಲ್ಲಗೆ ವಾಲಿ ಮಗನ ಭುಜದ ಮೇಲೆ ಬಿತ್ತು.

ಗಾಡಿ ನಿಂತಿತು. ಭಾವ ಬ್ರೇಕು ತುಳಿದಿದ್ದರು, ಇಂಜಿನ್ ಕೆಮ್ಮಿ ಆರಿತು. ಹಿಂದಿನ ಸೀಟಿನಲ್ಲಿ ಅಕ್ಕನ ಕಿರುಚಾಟ ಕತ್ತರಿಸಿದಂತೆ ನಿಂತಿತು. ನಾನು ಸೈಕಲ್ಲು ಬಿಟ್ಟು ಓಡಿ ಕಿಟಕಿಯಲ್ಲಿ ಇಣುಕಿದೆ. ಕೂಸಿನ ತಲೆ ಆಚೆ, ಮೈಯೆಲ್ಲ ಒಳಗೆ. ಕಣ್ಣು ಮುಚ್ಚಿದೆ, ಬಣ್ಣ ನೇರಳೆ. ನೋವೂ ಇಲ್ಲದೆ ಉಸಿರೂ ಸರಿಯಾಗಿ ಇಲ್ಲದೆ ಅಕ್ಕ ಬಿಟ್ಟ ಕಣ್ಣು ಬಿಟ್ಟಂತೆಯೇ ನನ್ನನ್ನು ನೋಡುತ್ತಿದ್ದಳು.

"ಭಾವ, ಓಡ್ಸಿ!"

ಭಾವ ಅವ್ವನ ಕೆನ್ನೆ ತಟ್ಟುತ್ತಿದ್ದರು. "ಈಗ ಹೋಗಿದ್ದು, ಈಗ್ತಾನೆ. ಒಂದ್ ಗೇಣು ಹಿಂದಕ್ ಹೋದ್ರೆ ಸಾಕು." ಗೇರಿನ ಕೆಂಪು ದಾರವನ್ನು ಹಲ್ಲಿನಿಂದ ಕಿತ್ತರು. ರಿವರ್ಸ್ ಹಾಕಿದರು. ಇಂಜಿನ್ ಹತ್ತಲಿಲ್ಲ; ಗೇರಿನಲ್ಲಿಟ್ಟೇ ಸೆಲ್ಫ್ ಒತ್ತಿದರು. ಗಾಡಿ ಕುಪ್ಪಳಿಸಿ ಹಿಂದಕ್ಕೆ ಒಂದು ಗೇಣು ಬಂತು. ಚನ್ನಾಜಮ್ಮನ ತಲೆ ಅಲುಗಿತು, ಏಳಲಿಲ್ಲ. ಹೋದವರು ಹಿಂದಕ್ಕೆ ಓಡಿಸಿದರೆ ಬರುವುದಿಲ್ಲ. ನಮ್ಮೂರಿನಲ್ಲಿ ಹುಟ್ಟಿದ ಎಲ್ಲರಿಗೂ ಅದು ಗೊತ್ತು, ಅವ್ವ ಸತ್ತ ಗಳಿಗೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮತ್ತೆ ಒತ್ತಿದರು, ಮತ್ತೆ ಒಂದು ಗೇಣು.

"ಅಯ್ಯೋ ತಲೆ ಒಳೀಕ್ ಹೋಯ್ತದೆ!" ಕೆಂಪಮ್ಮ ಬಾಯಿ ಬಡಿದುಕೊಂಡಳು.

ನಾನು ಗಾಡಿಯ ಹಿಂದೆ ಹೋಗಿ ಡಿಕ್ಕಿಗೆ ಬೆನ್ನು ಕೊಟ್ಟು ಕಾಲು ಊರಿದೆ. ಹಿರಿಯ ಜೀವ ಕೊಟ್ಟ ಅಪ್ಪಣೆ ಹಿರಿಯ ಜೀವದ ಜೊತೆಗೇ ಹೋಯಿತೋ ಉಳಿಯಿತೋ, ಆ ಹೊತ್ತಿನಲ್ಲಿ ಧರ್ಮಶಾಸ್ತ್ರ ಯಾರಿಗೆ ಬೇಕಿತ್ತು? ಮಂಡಿ ಲಟಲಟ ಎಂದಿತು. ಏರು ರಸ್ತೆ, ಗಾಡಿ ನನ್ನ ಮೇಲೆಯೇ ಬರುತ್ತಿತ್ತು. ಎರಡೂ ಕಡೆ ಊರಿಗೆ ಊರೇ ನಿಂತು ನೋಡುತ್ತಿತ್ತು. ಗಟ್ಟಿಮುಟ್ಟಾದ ಗಂಡಸರು ಅಂಗೈ ಉಜ್ಜಿಕೊಳ್ಳುತ್ತಿದ್ದರು, ಒಂದು ಹೆಜ್ಜೆ ಮುಂದೆ ಇಟ್ಟು ಹಿಂದೆ ತೆಗೆಯುತ್ತಿದ್ದರು. ಯಾರೂ ಮುಟ್ಟಲಿಲ್ಲ. ಕೆಟ್ಟವರಲ್ಲ ಅವರು. ಆ ಮನೆಯ ಹಿರಿಯರು ಬಾಯಾರೆ ಕೇಳಬೇಕಿತ್ತು.

"ಭಾವ, ಕೇಳಿ!" ಎಂದು ಕಿರುಚಿದೆ. "ನೀವು ಕೇಳ್ಬೇಕು!"

"ಅವ್ವ ಇದಾಳಲ್ಲ, ನಾನೆಂಗೆ ಕೇಳ್ಲಿ?"

ಆಗ ಅಕ್ಕ ಮಾತಾಡಿದಳು. ಕೂಗಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. "ಏನೂಂದ್ರೆ. ನನ್ ಪಿನ್ನು ತೆಗ್ದಾಯ್ತು. ಇನ್ನು ನಿಮ್ದು ತೆಗೀರಿ."

ಸೆಲ್ಫಿನ ಸದ್ದು ನಿಂತಿತು. ಆಮೇಲೆ ಗೇರು ಕಟಕ್ಕೆಂದು ನ್ಯೂಟ್ರಲಿಗೆ ಬಿತ್ತು, ಗಾಡಿಯ ಪೂರಾ ಭಾರ ನನ್ನ ಬೆನ್ನಿಗೆ ಬಂತು, ಬಾಗಿಲು ತೆರೆಯಿತು. ಭಾವ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡೇ ಇಳಿದು ಬಾಗಿಲಿಗೆ ಭುಜ ಕೊಟ್ಟರು. ಜನರ ಕಡೆ ತಿರುಗಿದರು.

"ಕೈ ಕೊಡ್ರಪ್ಪೋ. ನನ್ ಬಾಯಾರೆ ಕೇಳ್ತಾ ಇದೀನಿ. ಈ ಮನೇಗೆ ಹಿರೀಕ ಈಗ ನಾನೇ."

ಎಷ್ಟು ಕೈಗಳು ಬಂದವೋ ಗೊತ್ತಾಗಲಿಲ್ಲ. ನನ್ನ ಬೆನ್ನಿನ ಭಾರ ಇದ್ದಕ್ಕಿದ್ದಂತೆ ಇಳಿಯಿತು. ಗಾಡಿ ಏರು ಹತ್ತಿತು. ಅಕ್ಕನ ಕಿರುಚಾಟ ಮತ್ತೆ ಶುರುವಾಯಿತು. ಅಷ್ಟು ಚೆಂದದ ಸದ್ದು ನಾನು ಕೇಳಿರಲಿಲ್ಲ. ತಳ್ಳುವವರ ಐಸಾ, ಕೆಂಪಮ್ಮನ ಬೈಗುಳ, ಮುಂದೆ ದಿಂಬಿಗೆ ಒರಗಿಕೊಂಡು ರಸ್ತೆಯನ್ನೇ ನೋಡುತ್ತಿರುವಂತೆ ಚನ್ನಾಜಮ್ಮ. ಸ್ಮಶಾನದ ಬಾಗಿಲಿಗೆ ಇನ್ನೂ ಸ್ವಲ್ಪ ದೂರ ಇದ್ದಾಗ ಕಿರುಚಾಟ ನಿಂತಿತು. ಗಾಡಿ ನಿಂತಿರಲಿಲ್ಲ, ಕಿರುಚಾಟ ಮಾತ್ರ ನಿಂತಿತು. ಯಾರೂ ತಳ್ಳುವುದನ್ನು ಬಿಡಲಿಲ್ಲ.

ಗುಂಡಿ ತೋಡುವ ಬೋರಯ್ಯ ದೂರದಿಂದಲೇ ಗಾಡಿ ನೋಡಿ ಹಾರೆ ಹಿಡಿದುಕೊಂಡು ನಿಂತಿದ್ದ. ಹತ್ತಿರ ಬಂದು ಮುಂದಿನ ಸೀಟು ನೋಡಿದ. ಹಿಂದಿನ ಸೀಟಿನ ರಕ್ತ ನೋಡಿದ. ಅವನ ಕೆಲಸಕ್ಕೆ ಬೇಕಾದ ಪ್ರಶ್ನೆ ಕೇಳಿದ.

"ಒಂದಾ, ಎರಡಾ?"

ಕೆಂಪಮ್ಮ ಕೂಸನ್ನು ತಲೆಕೆಳಗಾಗಿ ಹಿಡಿದು ಬೆನ್ನಿಗೆ ತಟ್ಟುತ್ತಿದ್ದಳು. "ತಳ್ರೋ, ನಿಲ್ಲಬ್ಯಾಡ್ರೋ" ಎಂದಳು. ಇನ್ನು ತಳ್ಳಲು ರಸ್ತೆ ಇರಲಿಲ್ಲ. ಬೋರಯ್ಯ ಹಾರೆ ಎಸೆದು ಸ್ಮಶಾನದ ಬಾಗಿಲನ್ನು ಅಗಲವಾಗಿ ತೆಗೆದ. ಗಾಡಿ ಒಳಗೆ ಹೋಯಿತು. ಹಳೆಯ ಗೋರಿಗಳ ನಡುವೆ, ಕಲ್ಲು ಮಣ್ಣಿನ ಮೇಲೆ ಎತ್ತಿ ಹಾಕುತ್ತ, ಮತ್ತಷ್ಟು ದೂರ. ಆಗ ಬಂತು. ಅಳು ಅನ್ನುವುದಕ್ಕಿಂತ ಕೆಮ್ಮು, ಎಣ್ಣೆ ಕಾಣದ ಕೇಬಲ್ಲಿನ ಕೀಚು ಸದ್ದಿನ ಹಾಗೆ. ಆಮೇಲೆ ಬಿಡುವಿಲ್ಲದೆ.

"ಒಂದೇ" ಎಂದಳು ಅಕ್ಕ ಬೋರಯ್ಯನಿಗೆ.

ಜನ ನಕ್ಕರು, ಅತ್ತರು, ಹೆಣ್ಣೋ ಗಂಡೋ ಎಂದು ಕೇಳಿದರು. ಹೆಣ್ಣು. ಭಾವ ಬಾಗಿಲು ಹಿಡಿದು ನಿಂತೇ ಇದ್ದರು. ಗದ್ದದ ಹತ್ತಿ ಎಲ್ಲೋ ಬಿದ್ದುಹೋಗಿತ್ತು, ಕುಯ್ದ ಜಾಗದಲ್ಲಿ ಸಣ್ಣ ಹಕ್ಕಳೆ ಕಟ್ಟಿತ್ತು. "ಅವತ್ತೇ ಓಡ್ಸಿದ್ರೂ ಬದುಕ್ತಿತ್ತು ಇದು" ಎಂದರು. "ಅವತ್ತೇ ಓಡ್ಸಿದ್ರೆ ಈಗ ಲಂಗದಾವಣಿ ಹಾಕೋದು." ಅಕ್ಕ ಕೂಸನ್ನು ಕೆಂಪಮ್ಮನಿಗೆ ಕೊಟ್ಟು ಮುಂದಕ್ಕೆ ಬಾಗಿದಳು. ಅತ್ತೆಯ ಮುಡಿ ಬಿಚ್ಚಿಹೋಗಿತ್ತು. ಹಿಂದಿನಿಂದಲೇ ಎರಡೂ ಕೈ ಚಾಚಿ ಬಾಚಿ ಗಂಟು ಕಟ್ಟಿದಳು. ನನ್ನ ಕಡೆ ಕೈ ನೀಡಿದಳು. ನಾನು ಜೇಬಿನಿಂದ ನೀಲಿ ಮಣಿಯ ಪಿನ್ನು ತೆಗೆದುಕೊಟ್ಟೆ. ಗಂಟು ಬಿಚ್ಚದ ಹಾಗೆ ಅದನ್ನು ಸಿಕ್ಕಿಸಿದಳು. ಚನ್ನಾಜಮ್ಮ ಅದರ ಜೊತೆಗೇ ಮಣ್ಣಿಗೆ ಹೋದರು.

ಮಣ್ಣು ಮುಗಿಸಿ ಬಂದ ಮೇಲೆ ಭಾವ ಕೇಬಲ್ಲು ಬಿಚ್ಚಲು ಹೋದರು. ಇರಲಿ ಎಂದೆ. ಕೂಸಿಗೆ ಹಲ್ಲು ಬರಬೇಕು, ನಡೆಯಬೇಕು, ಮಾತು ಕಲಿಯಬೇಕು. ಅದಕ್ಕೆಲ್ಲ ರಸ್ತೆ ಬೇಕು, ಮೀಟರು ಬೇಕು. ಹಿಟ್ಟು ಈಗ ಸೈಕಲ್ಲಿನಲ್ಲಿ ಹಂಚುತ್ತೇನೆ. ನಮ್ಮ ಮನೆಯಲ್ಲಿ ನನ್ನ ಮಂಡಿನೋವೂ ಸುಂದ್ರವ್ವನ ಹಲ್ಲುನೋವೂ ಅವತ್ತಿನವು ಇವತ್ತಿಗೂ ಹಾಗೇ ಇವೆ. ಹಲ್ಲು ಕೀಳಿಸಿದರೆ ಆ ಗಾಯ ಯಾವಾಗಲೂ ಹಸಿಯಾಗಿಯೇ ಇರುತ್ತದೆ, ಅದಕ್ಕೆ ಕೀಳಿಸುವಂತಿಲ್ಲ. ಕೇಬಲ್ಲು ಯಾವಾಗ ತರ್ತೀರಿ ಎಂದು ದವಡೆ ಹಿಡಿದುಕೊಂಡು ಕೇಳುತ್ತಾಳೆ. ನಾಳೆ ಎನ್ನುತ್ತೇನೆ. ಭಾವ ಹದಿನೆಂಟು ವರ್ಷ ಹೇಳಿದ ಮಾತು ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ ಎಂದು ನನಗೇ ಆಶ್ಚರ್ಯ.

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಭಾವ ಕೂಸನ್ನು ಕೂರಿಸಿಕೊಂಡು ಕೆರೆಕಡೆ ಒಂದು ಸುತ್ತು ಹೊಡೆಸಿ ಬಂದಿದ್ದರು; ಅದು ಗೋಡೆ ಹಿಡಿದು ನಿಲ್ಲುತ್ತಿತ್ತು. ಅಕ್ಕ ಬೆಳಕಿನ ಕಡೆ ತಲೆ ಬಗ್ಗಿಸಿ, "ನೋಡೋ ಮಲ್ಲ, ಒಂದು ಬೆಳ್ಳಗಾಗಿದೆ" ಎಂದಳು. ಕನ್ನಡಕ ಹಾಕಿಕೊಂಡು ಹುಡುಕಿದೆ. ಕಿವಿಯ ಮೇಲೆ ಒಂದೇ ಒಂದು ಎಳೆ. ಅವಳ ಮೀಟರು ಓಡುತ್ತಿದೆ, ನನ್ನದು ನಿಂತಿದೆ. ಹೀಗೇ ಓಡಿದರೆ ಒಂದು ದಿನ ನನ್ನನ್ನು ಹಿಡಿಯುತ್ತಾಳೆ, ಹಿಂದೆ ಹಾಕುತ್ತಾಳೆ, ಮತ್ತೆ ಆರು ವರ್ಷಕ್ಕೆ ದೊಡ್ಡವಳಾಗುತ್ತಾಳೆ. ಕೇಬಲ್ಲು ಆವತ್ತು ಕೇಳುತ್ತೇನೆ.

"ಕೀಳ್ಲಾ?" ಎಂದೆ.

"ಮುಟ್ಟಿದ್ರೆ ನೋಡು" ಎಂದಳು.